ಓದಲಾಗದ ಅರ್ಜಿಗೆ ಸಹಿ ಬೇಡ: ಗಡಿನಾಡ ವಿಮಾ ಗ್ರಾಹಕರಿಗೊಂದು ಕೈಪಿಡಿ

ಅಕ್ಕಿಯನ್ನೋ ಬಟ್ಟೆಯನ್ನೋ ಕೊಂಡವನು ಅದರ ಗುಣವನ್ನು ಅಂದೇ ಅರಿಯುತ್ತಾನೆ. ವಿಮೆಯಲ್ಲಿ ನಾವು ಕೊಳ್ಳುವುದು ಒಂದು ವಾಗ್ದಾನವನ್ನು. ಅದು ಗಟ್ಟಿಯೋ ಜೊಳ್ಳೋ ಎಂಬುದು ತಿಳಿಯುವುದು ಸಾವು, ರೋಗ, ಅಪಘಾತ ಅಥವಾ ಬೆಂಕಿ ಮನೆಗೆ ಬಂದ ದಿನ. ಆ ದಿನ ಕಂಪನಿಯು ಮೊದಲು ತೆಗೆದು ನೋಡುವುದು ವರ್ಷಗಳ ಹಿಂದೆ ನಾವು ಸಹಿ ಹಾಕಿದ ಅರ್ಜಿಯನ್ನು.

ಗಡಿನಾಡ ಕನ್ನಡಿಗರಾದ ನಮಗೆ ಇಲ್ಲಿ ಇನ್ನೊಂದು ತೊಡಕಿದೆ. ಅರ್ಜಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ಅದನ್ನು ತುಂಬುವ ಏಜೆಂಟರೋ ಬ್ಯಾಂಕ್ ಸಿಬ್ಬಂದಿಯೋ ಕಾಸರಗೋಡು, ವಯನಾಡುಗಳಲ್ಲಿ ಮಲಯಾಳದಲ್ಲಿ, ಹೊಸೂರು, ತಾಳವಾಡಿ, ನೀಲಗಿರಿಗಳಲ್ಲಿ ತಮಿಳಿನಲ್ಲಿ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಲ್ಲಿ ಮರಾಠಿಯಲ್ಲಿ, ಆದೋನಿ, ರಾಯದುರ್ಗ, ಮಡಕಶಿರಾಗಳಲ್ಲಿ ತೆಲುಗಿನಲ್ಲಿ ವಿವರಿಸುತ್ತಾರೆ. ಮನೆಯಲ್ಲಿ ಕನ್ನಡವನ್ನಷ್ಟೇ ಓದಬಲ್ಲ ಹಿರಿಯರು ತೋರಿಸಿದ ಕಡೆ ಸಹಿ ಹಾಕುತ್ತಾರೆ. ಕೇಳಿದ ಪ್ರಶ್ನೆ ಯಾವುದು, ಬರೆದ ಉತ್ತರ ಯಾವುದು ಎಂಬುದು ಅವರಿಗೆ ತಿಳಿದೇ ಇರುವುದಿಲ್ಲ. ಇದರಲ್ಲಿ ನೆರೆಭಾಷೆಯ ತಪ್ಪೇನೂ ಇಲ್ಲ. ಆದರೆ ಇದರ ಫಲವನ್ನು ಉಣ್ಣುವವರು ನಮ್ಮವರು. ವಿಮಾ ಕಂಪನಿಗಳ ಅನ್ಯಾಯದ ವಿರುದ್ಧ ಕಾನೂನು ಕೊಟ್ಟಿರುವ ರಕ್ಷಣೆಗಳನ್ನು ನಾವು ಈ ಲೇಖನದಲ್ಲಿ ಅರ್ಜಿಯ ಹಂತದಿಂದ ಆರಂಭಿಸಿ ದೂರಿನ ಕೊನೆಯ ಮೆಟ್ಟಿಲಿನವರೆಗೆ ಕ್ರಮವಾಗಿ ವಿವರಿಸಿದ್ದೇವೆ.

ವಿವಾದದ ಬೇರು: ಪ್ರಸ್ತಾವನಾ ಅರ್ಜಿ

ವಿಮಾ ಒಪ್ಪಂದವು ಪರಮ ವಿಶ್ವಾಸದ ಒಪ್ಪಂದವೆಂದು ಕಾನೂನು ಭಾವಿಸುತ್ತದೆ. ಕೇಳಿದ ಪ್ರಶ್ನೆಗೆ ಗ್ರಾಹಕನು ಸತ್ಯವಾದ, ಪೂರ್ಣವಾದ ಉತ್ತರ ಕೊಡಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹಿಂದಿನ ಶಸ್ತ್ರಚಿಕಿತ್ಸೆ, ತಂಬಾಕಿನ ಅಭ್ಯಾಸ, ಈಗಾಗಲೇ ಇರುವ ಇತರ ಪಾಲಿಸಿಗಳು, ಇವೆಲ್ಲ ಆ ಪ್ರಶ್ನೆಗಳಲ್ಲಿ ಸೇರಿವೆ. "ಅದನ್ನೆಲ್ಲ ಬರೆದರೆ ಪ್ರೀಮಿಯಂ ಹೆಚ್ಚಾಗುತ್ತದೆ, ಇಲ್ಲ ಎಂದೇ ಬರೆಯೋಣ" ಎನ್ನುವ ಏಜೆಂಟರ ಮಾತು ಅಂದಿಗೆ ಹಿತವೆನಿಸಬಹುದು. ಆದರೆ ಮುಂದೆ ಕ್ಲೇಮನ್ನು ತಿರಸ್ಕರಿಸಲು ಕಂಪನಿಗೆ ಸಿಗುವ ಮೊದಲ ಅಸ್ತ್ರ ಅದೇ.

"ಅರ್ಜಿ ತುಂಬಿದವರು ಏಜೆಂಟರು, ನಾವು ಓದಿರಲಿಲ್ಲ" ಎಂಬ ವಾದಕ್ಕೆ ನ್ಯಾಯಾಲಯಗಳಲ್ಲಿ ಸುಲಭವಾಗಿ ಮನ್ನಣೆ ದೊರೆಯದು. ರೇಖಾಬೆನ್ ರಾಠೋಡ್ ಪ್ರಕರಣದಲ್ಲಿ ಮೃತ ಪಾಲಿಸಿದಾರನು ಬೇರೊಂದು ಜೀವ ವಿಮೆ ಇದ್ದುದನ್ನು ಅರ್ಜಿಯಲ್ಲಿ ತಿಳಿಸಿರಲಿಲ್ಲ. ಅರ್ಜಿಗೆ ಸಹಿ ಹಾಕಿದವನು ಅದರ ಒಕ್ಕಣೆಗೆ ಬದ್ಧನೆಂದು ಹೇಳಿ ಸುಪ್ರೀಂ ಕೋರ್ಟ್ 2019ರಲ್ಲಿ ಕಂಪನಿಯ ನಿರಾಕರಣೆಯನ್ನು ಎತ್ತಿಹಿಡಿಯಿತು. ಆದುದರಿಂದ ಎಲ್ಲ ರಕ್ಷಣೆಗಳಿಗಿಂತ ದೊಡ್ಡ ರಕ್ಷಣೆ ಸಹಿಗೆ ಮುಂಚಿನದು.

ಕನ್ನಡದಲ್ಲಿ ಸಹಿ ಮಾಡುವವರು ಮತ್ತು ಹೆಬ್ಬೆಟ್ಟು ಒತ್ತುವವರು ಗಮನಿಸಬೇಕಾದ ಒಂದು ಭಾಗ ಅರ್ಜಿಯ ಕೊನೆಯಲ್ಲಿ ಇರುತ್ತದೆ. ಅರ್ಜಿಯ ಪ್ರಶ್ನೆಗಳನ್ನು ಅರ್ಜಿದಾರರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಲಾಗಿದೆ, ಅವರು ಹೇಳಿದ ಉತ್ತರಗಳನ್ನೇ ಬರೆಯಲಾಗಿದೆ ಎಂಬ ಘೋಷಣೆ ಅದು. ವಿವರಿಸಿದ ವ್ಯಕ್ತಿಯು ಹೆಸರು, ವಿಳಾಸ ಬರೆದು ಅದಕ್ಕೆ ಸಹಿ ಮಾಡಬೇಕು. ಬಹಳ ಸಲ ಈ ಜಾಗ ಖಾಲಿಯಾಗಿರುತ್ತದೆ, ಇಲ್ಲವೇ ಕನ್ನಡ ಬಾರದವರೇ ಅಲ್ಲಿ ಸಹಿ ಮಾಡಿರುತ್ತಾರೆ. ಮನೆಯ ಓದಿದ ಮಗನೋ ಮಗಳೋ ಎದುರಿಗೆ ಕುಳಿತು ಪ್ರತಿಯೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಕೇಳಿ, ಉತ್ತರ ಬರೆಸಿ, ಆ ಬಳಿಕ ಘೋಷಣೆಗೆ ಸಹಿ ಹಾಕುವುದು ಕ್ಷೇಮಕರ. ತುಂಬಿದ ಅರ್ಜಿಯ ಎಲ್ಲ ಪುಟಗಳ ಛಾಯಾಪ್ರತಿಯನ್ನೋ ಮೊಬೈಲ್ ಚಿತ್ರವನ್ನೋ ಇಟ್ಟುಕೊಳ್ಳಬೇಕು. ಖಾಲಿ ಅರ್ಜಿಗೆ ಎಂದೂ ಸಹಿ ಮಾಡಬಾರದು. ಈಗ ಏಜೆಂಟರ ಮೊಬೈಲಿನಲ್ಲೇ ಅರ್ಜಿ ತುಂಬಿ ಒಟಿಪಿ ಕೇಳುವ ರೂಢಿ ಬಂದಿದೆ. ಒಟಿಪಿ ಹೇಳುವುದೆಂದರೆ ಸಹಿ ಮಾಡಿದಂತೆಯೇ.

ಕನ್ನಡದಲ್ಲಿ ಕೇಳುವ ಹಕ್ಕು

ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ಪ್ರತಿ ಪಾಲಿಸಿಯ ಜೊತೆಗೆ "ಗ್ರಾಹಕ ಮಾಹಿತಿ ಪತ್ರ" ಕೊಡುವುದನ್ನು ಕಡ್ಡಾಯಗೊಳಿಸಿದೆ. ಪಾಲಿಸಿಯ ವಿಧ, ವಿಮಾ ಮೊತ್ತ, ಯಾವುದಕ್ಕೆ ರಕ್ಷಣೆ ಇದೆ, ಯಾವುದಕ್ಕೆ ಇಲ್ಲ, ಕಾಯುವ ಅವಧಿ ಎಷ್ಟು, ಕ್ಲೇಮು ಸಲ್ಲಿಸುವ ಬಗೆ ಹೇಗೆ, ದೂರು ಯಾರಿಗೆ ಎಂಬುದನ್ನು ಸರಳ ಮಾತಿನಲ್ಲಿ ಹೇಳುವ ಕೆಲವೇ ಪುಟಗಳ ಪತ್ರ ಇದು. ಗ್ರಾಹಕನು ಬಯಸಿದರೆ ಇದನ್ನು ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕೆಂದು ಪ್ರಾಧಿಕಾರ ಹೇಳಿದೆ. ಕರ್ನಾಟಕದಲ್ಲಿ ವ್ಯವಹರಿಸುವ ಕಂಪನಿಗೆ ಕನ್ನಡದ ಪ್ರತಿ ಕೊಡುವುದು ಕಷ್ಟದ ಕೆಲಸವಲ್ಲ. ಗಡಿಯಾಚೆಯ ಶಾಖೆಯಲ್ಲಿ ಅದು ತಾನಾಗಿ ಬಾರದು, ಬರವಣಿಗೆಯಲ್ಲಿ ಕೇಳಬೇಕು. "ನನಗೆ ಅರ್ಥವಾಗುವ ಭಾಷೆ ಕನ್ನಡ. ಗ್ರಾಹಕ ಮಾಹಿತಿ ಪತ್ರವನ್ನು ಕನ್ನಡದಲ್ಲಿ ಕೊಡಿ" ಎಂಬ ಒಂದು ಸಾಲಿನ ಇಮೇಲ್ ಸಾಕು. ಕಂಪನಿ ಕೊಟ್ಟರೆ ಲಾಭ. ಕೊಡದಿದ್ದರೂ ಕೇಳಿದ್ದಕ್ಕೆ ದಾಖಲೆ ಉಳಿಯುತ್ತದೆ.

ಷರತ್ತುಗಳನ್ನು ತಿಳಿಸುವ ಹೊಣೆ ಕಂಪನಿಯದೇ ಎಂಬುದನ್ನು ಸುಪ್ರೀಂ ಕೋರ್ಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದೆ. ಗ್ರಾಹಕನಿಗೆ ತಲುಪಿಸದ ಹೊರತುಪಡಿಕೆಯ ಷರತ್ತು ಆತನನ್ನು ಬಂಧಿಸದೆಂದು 2000ದ ಮಾಡರ್ನ್ ಇನ್ಸುಲೇಟರ್ಸ್ ತೀರ್ಪು ಸಾರಿತು. 2022ರ ಟೆಕ್ಸ್ಕೋ ಮಾರ್ಕೆಟಿಂಗ್ ಪ್ರಕರಣದಲ್ಲಿ ನೆಲಮಾಳಿಗೆಯಲ್ಲಿದ್ದ ಅಂಗಡಿಗೆ ಬೆಂಕಿ ವಿಮೆ ಕೊಟ್ಟ ಕಂಪನಿ, ಬೆಂಕಿ ಬಿದ್ದ ಬಳಿಕ "ನೆಲಮಾಳಿಗೆಗೆ ರಕ್ಷಣೆ ಇಲ್ಲ" ಎಂಬ ಷರತ್ತನ್ನು ತೋರಿಸಿತು. ಒಪ್ಪಂದದ ಮೂಲ ಉದ್ದೇಶವನ್ನೇ ಅಳಿಸುವ, ಗ್ರಾಹಕನಿಗೆ ವಿವರಿಸದ ಇಂಥ ಷರತ್ತಿನ ಮರೆ ಹೊಕ್ಕುವುದನ್ನು ನ್ಯಾಯಾಲಯ ಒಪ್ಪಲಿಲ್ಲ.

ಹಿಂದಿರುಗಿಸಲು ಮೂವತ್ತು ದಿನ

ಪಾಲಿಸಿ ಪತ್ರ ಕೈಸೇರಿದ ಮೇಲೆ ಅದನ್ನು ಪರಿಶೀಲಿಸಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಲು ಕಾನೂನು ಅವಕಾಶ ಕೊಟ್ಟಿದೆ. 2024ರ ನಿಯಮಗಳ ಪ್ರಕಾರ ಈ ಅವಧಿ 30 ದಿನ. ಕಂಪನಿಯು ವೈದ್ಯಕೀಯ ಪರೀಕ್ಷೆ, ಮುದ್ರಾಂಕ ಶುಲ್ಕ ಮತ್ತು ರಕ್ಷಣೆ ಇದ್ದಷ್ಟು ದಿನಗಳ ವೆಚ್ಚವನ್ನು ಮುರಿದುಕೊಂಡು ಉಳಿದ ಹಣವನ್ನು ಮರಳಿಸಬೇಕು. ಪತ್ರ ತಲುಪಿದ ದಿನಾಂಕವನ್ನು ಲಕೋಟೆಯ ಮೇಲೆಯೇ ಬರೆದಿಡುವುದು ಒಳ್ಳೆಯದು.

ಈ ಮೂವತ್ತು ದಿನಗಳಲ್ಲಿ ನೋಡಬೇಕಾದುದು ಇಷ್ಟು: ಹೆಸರು ಮತ್ತು ಜನ್ಮದಿನಾಂಕ ಆಧಾರ್‌ನಲ್ಲಿ ಇರುವಂತೆಯೇ ಇವೆಯೇ? ನಾಮಿನಿಯ ಹೆಸರು ಸರಿಯೇ? ಪಾಲಿಸಿಗೆ ಲಗತ್ತಿಸಿದ ಅರ್ಜಿಯ ಪ್ರತಿಯಲ್ಲಿ ನಾವು ಹೇಳಿದ ಉತ್ತರಗಳೇ ಇವೆಯೇ? ಪ್ರೀಮಿಯಂ ಕಟ್ಟುವ ಅವಧಿ ಒಂದು ವರ್ಷವೋ ಹತ್ತು ವರ್ಷವೋ? ಗಡಿನಾಡಿನಲ್ಲಿ ಒಂದೇ ಹೆಸರು ಎರಡು ಮೂರು ಲಿಪಿಗಳಲ್ಲಿ, ಬೇರೆ ಬೇರೆ ಕಾಗುಣಿತದಲ್ಲಿ ದಾಖಲಾಗಿರುವುದು ಸಾಮಾನ್ಯ. ಪಡಿತರ ಚೀಟಿಯಲ್ಲಿ ಒಂದು, ಶಾಲಾ ದಾಖಲೆಯಲ್ಲಿ ಇನ್ನೊಂದು. ಕ್ಲೇಮಿನ ಸಮಯದಲ್ಲಿ ಈ ವ್ಯತ್ಯಾಸವು ತಿಂಗಳುಗಟ್ಟಲೆ ಅಲೆದಾಟಕ್ಕೆ ಕಾರಣವಾಗುತ್ತದೆ. ಪಾಲಿಸಿದಾರ ಬದುಕಿರುವಾಗ ಅದನ್ನು ಸರಿಪಡಿಸಲು ಒಂದು ಕೋರಿಕೆ ಪತ್ರ ಸಾಕು.

ಮಾರಾಟದ ಹಂತದ ಅನ್ಯಾಯಗಳು

ಮೊದಲನೆಯದು, ಠೇವಣಿ ಎಂದು ಹೇಳಿ ವಿಮೆ ಮಾರುವುದು. ಅಡಿಕೆ ಮಾರಿದ ಹಣವನ್ನೋ ನಿವೃತ್ತಿಯ ಹಣವನ್ನೋ ಠೇವಣಿ ಇಡಲು ಬ್ಯಾಂಕಿಗೆ ಹೋದವರಿಗೆ "ಇದರಲ್ಲಿ ಹೆಚ್ಚು ಬಡ್ಡಿ" ಎಂದು ಹೇಳಿ, ವರ್ಷವರ್ಷವೂ ಕಟ್ಟಬೇಕಾದ ಜೀವ ವಿಮೆಯನ್ನು ಕೊಡಲಾಗುತ್ತದೆ. ಮರುವರ್ಷ ಕಂತು ಕಟ್ಟಲಾಗದೆ ಅವರು ನಷ್ಟಕ್ಕೆ ಈಡಾಗುತ್ತಾರೆ. ಕೈಗೆ ಬಂದ ಪತ್ರದಲ್ಲಿ "ಪಾಲಿಸಿ", "ಪ್ರೀಮಿಯಂ" ಎಂಬ ಪದಗಳಿದ್ದರೆ ಅದು ಠೇವಣಿ ಅಲ್ಲ. 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಒಂದು ಪೂರ್ಣ ವರ್ಷದ ಪ್ರೀಮಿಯಂ ಕಟ್ಟಿದ ಉಳಿತಾಯ ಪಾಲಿಸಿಗೂ ಮೊದಲ ವರ್ಷ ಮುಗಿದ ಮೇಲೆ ವಿಶೇಷ ಒಪ್ಪಿಸುವಿಕೆ ಮೌಲ್ಯ ದೊರೆಯುತ್ತದೆ. ಕಟ್ಟಿದ್ದೆಲ್ಲ ಮುಳುಗಿತೆಂದು ಸುಮ್ಮನಾಗದೆ ಅದನ್ನು ಕೇಳಿ ಪಡೆಯಬೇಕು.

ಎರಡನೆಯದು, ಸಾಲಕ್ಕೆ ವಿಮೆಯನ್ನು ಕಟ್ಟಿಹಾಕುವುದು. ಸಾಲ ಬೇಕಾದರೆ ನಿರ್ದಿಷ್ಟ ಕಂಪನಿಯ ಪಾಲಿಸಿಯನ್ನೇ ಕೊಳ್ಳಬೇಕೆಂದು ಒತ್ತಾಯಿಸುವುದು ನಿಯಮಬಾಹಿರ. ಸಾಲದ ಜೊತೆಗೆ ಸಮೂಹ ವಿಮೆಯ ಹಣ ಕಡಿತವಾಗಿದ್ದರೆ ವಿಮಾ ಪ್ರಮಾಣಪತ್ರವನ್ನು ಕೇಳಿ ಇಟ್ಟುಕೊಳ್ಳಬೇಕು. ಸಾಲಗಾರ ತೀರಿಕೊಂಡಾಗ ಸಾಲವನ್ನು ವಿಮೆ ತೀರಿಸಬೇಕಾಗಿತ್ತೆಂಬುದೇ ತಿಳಿಯದೆ ಅಡವಿಟ್ಟ ಜಮೀನು ಮಾರಿ ಸಾಲ ಕಟ್ಟಿದ ಕುಟುಂಬಗಳು ಉಂಟು.

ಮೂರನೆಯದು, ರಿಯಾಯಿತಿಯ ಆಮಿಷ. ಮೊದಲ ಕಂತಿನಲ್ಲಿ ಪಾಲು ಮರಳಿಸುವುದಾಗಿ ಹೇಳುವುದನ್ನು ವಿಮಾ ಕಾಯ್ದೆ 1938ರ 41ನೇ ಕಲಂ ನಿಷೇಧಿಸಿದೆ. ಕೊಡುವವನಷ್ಟೇ ಅಲ್ಲ, ಪಡೆಯುವವನೂ ದಂಡಕ್ಕೆ ಗುರಿಯಾಗುತ್ತಾನೆ. ಬೋನಸ್ ಬಿಡುಗಡೆ ಮಾಡುತ್ತೇವೆ, ಮುಳುಗಿದ ಪಾಲಿಸಿಯ ಹಣ ಕೊಡಿಸುತ್ತೇವೆ ಎಂದು ಪ್ರಾಧಿಕಾರದ ಹೆಸರು ಹೇಳಿ ಬರುವ ಫೋನ್ ಕರೆಗಳೂ ಇದೇ ಜಾತಿಯವು. ಪ್ರಾಧಿಕಾರ ಪಾಲಿಸಿ ಮಾರುವುದಿಲ್ಲ, ಬೋನಸ್ ಹಂಚುವುದೂ ಇಲ್ಲ.

ನಾಲ್ಕನೆಯದು ಇದ್ದ ವಿಮೆಯನ್ನೇ ಅರಿಯದಿರುವುದು. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂ., ಸುರಕ್ಷಾ ವಿಮೆಗೆ 20 ರೂ. ಖಾತೆಯಿಂದ ಕಡಿತವಾಗುತ್ತದೆ. ಮೊದಲನೆಯದರಲ್ಲಿ ಯಾವುದೇ ಕಾರಣದ ಸಾವಿಗೆ, ಎರಡನೆಯದರಲ್ಲಿ ಅಪಘಾತದ ಸಾವಿಗೆ 2 ಲಕ್ಷ ರೂ. ದೊರೆಯುತ್ತದೆ. ಮನೆಯಲ್ಲಿ ಸಾವು ಸಂಭವಿಸಿದಾಗ ಮೃತರ ಪಾಸ್‌ಪುಸ್ತಕದಲ್ಲಿ ಈ ಎರಡು ಮೊತ್ತಗಳನ್ನು ಹುಡುಕಬೇಕು. ಇವುಗಳ ಅರ್ಜಿ ನಮೂನೆಗಳು ಜನಸುರಕ್ಷಾ ಜಾಲತಾಣದಲ್ಲಿ ಕನ್ನಡದಲ್ಲಿಯೂ ಇವೆ.

ಆರೋಗ್ಯ ವಿಮೆ: ಗಡಿ ದಾಟುವ ಚಿಕಿತ್ಸೆ

ಮಂಜೇಶ್ವರ, ಕಾಸರಗೋಡಿನವರು ಮಂಗಳೂರಿಗೆ, ಹೊಸೂರಿನವರು ಬೆಂಗಳೂರಿಗೆ, ತಾಳವಾಡಿಯವರು ಮೈಸೂರಿಗೆ, ಆದೋನಿ ಮತ್ತು ರಾಯದುರ್ಗದವರು ಬಳ್ಳಾರಿಗೆ ಚಿಕಿತ್ಸೆಗೆ ಹೋಗುವುದು ವಾಡಿಕೆ. ಪಾಲಿಸಿ ಕೊಳ್ಳುವ ಮುನ್ನ ಈ ವಾಡಿಕೆಯನ್ನು ನೆನಪಿನಲ್ಲಿಟ್ಟು ಮೂರು ಅಂಶಗಳನ್ನು ವಿಚಾರಿಸಬೇಕು.

ಒಂದು, ವಲಯದ ಷರತ್ತು. ಕೆಲವು ಪಾಲಿಸಿಗಳಲ್ಲಿ ಸಣ್ಣ ಊರುಗಳ ಗ್ರಾಹಕರಿಗೆ ಪ್ರೀಮಿಯಂ ಕಡಿಮೆ. ಅಂಥವರು ದೊಡ್ಡ ನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲನ್ನು ತಾವೇ ಭರಿಸಬೇಕು. ಹೊಸೂರಿನ ವಿಳಾಸದಲ್ಲಿ ಕೊಂಡ ಅಗ್ಗದ ಪಾಲಿಸಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಇಂಥ ಕಡಿತ ಇದೆಯೇ ಎಂದು ಕೇಳಬೇಕು. ಎರಡು, ಕೊಠಡಿ ಬಾಡಿಗೆಯ ಮಿತಿ. ದಿನಕ್ಕೆ 3,000 ರೂ. ಮಿತಿ ಇರುವ ಪಾಲಿಸಿದಾರರು 6,000 ರೂ. ಕೊಠಡಿಯಲ್ಲಿ ಉಳಿದರೆ ಕಡಿತವಾಗುವುದು ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ. ಅದೇ ಅನುಪಾತದಲ್ಲಿ ವೈದ್ಯರ ಶುಲ್ಕ ಮೊದಲಾದವೂ ಅರ್ಧಕ್ಕೆ ಇಳಿಯಬಹುದು. ಮೂರು, ನಗದುರಹಿತ ಚಿಕಿತ್ಸೆ. ಕಂಪನಿಯ ಜಾಲದಲ್ಲಿ ಇಲ್ಲದ ಆಸ್ಪತ್ರೆಯಲ್ಲಿಯೂ ನಗದುರಹಿತ ಚಿಕಿತ್ಸೆ ಪಡೆಯುವ ವ್ಯವಸ್ಥೆಯನ್ನು 2024ರ ಜನವರಿಯಲ್ಲಿ ಸಾಮಾನ್ಯ ವಿಮಾ ಮಂಡಳಿ ಪ್ರಕಟಿಸಿತು. ಮೊದಲೇ ನಿಶ್ಚಯಿಸಿದ ಚಿಕಿತ್ಸೆಯಾದರೆ ದಾಖಲಾಗುವ 48 ಗಂಟೆ ಮುಂಚೆ, ತುರ್ತು ಚಿಕಿತ್ಸೆಯಾದರೆ ದಾಖಲಾದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು.

ಪ್ರಾಧಿಕಾರವು 2024ರ ಮೇ 29ರಂದು ಹೊರಡಿಸಿದ ಆರೋಗ್ಯ ವಿಮೆಯ ಮಹಾ ಸುತ್ತೋಲೆಯಲ್ಲಿ ಗ್ರಾಹಕರು ಕಂಠಸ್ಥ ಮಾಡಿಕೊಳ್ಳಬೇಕಾದ ಅಂಶಗಳಿವೆ. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರಿಸಬೇಕು. ಬಿಡುಗಡೆಯ ಕೋರಿಕೆ ಆಸ್ಪತ್ರೆಯಿಂದ ಬಂದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ವಿಧಿಸಿದರೆ ಅದನ್ನು ಕಂಪನಿಯೇ ಭರಿಸಬೇಕು. ಚಿಕಿತ್ಸೆಯ ವೇಳೆ ರೋಗಿ ಮೃತಪಟ್ಟರೆ ಕ್ಲೇಮನ್ನು ಕೂಡಲೇ ಪರಿಶೀಲಿಸಿ, ಪಾರ್ಥಿವ ಶರೀರ ತಕ್ಷಣ ಬಿಡುಗಡೆಯಾಗುವಂತೆ ನೋಡಿಕೊಳ್ಳಬೇಕು. ಕ್ಲೇಮು ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ.

ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ ಗರಿಷ್ಠ 36 ತಿಂಗಳು. ಪಾಲಿಸಿಯು 60 ತಿಂಗಳು ನಿರಂತರವಾಗಿ ನಡೆದಿದ್ದರೆ, ವಂಚನೆಯನ್ನು ಸಾಬೀತುಪಡಿಸಿದ ಹೊರತು, ಮಾಹಿತಿ ಮುಚ್ಚಿಟ್ಟರೆಂಬ ಕಾರಣಕ್ಕೆ ಕ್ಲೇಮನ್ನು ಪ್ರಶ್ನಿಸುವಂತಿಲ್ಲ. ಹಿಂದಿನ ವರ್ಷ ಕ್ಲೇಮು ಪಡೆದರೆಂಬ ಕಾರಣಕ್ಕೆ ನವೀಕರಣ ನಿರಾಕರಿಸುವಂತಿಲ್ಲ. ಕಂಪನಿ ಬದಲಿಸಿದರೂ ಕಳೆದ ಕಾಯುವ ಅವಧಿ ಲೆಕ್ಕಕ್ಕೆ ಬರುತ್ತದೆ. ಆದುದರಿಂದ ನವೀಕರಣದ ದಿನಾಂಕ ತಪ್ಪಿಸುವುದೇ ಆರೋಗ್ಯ ವಿಮೆಯಲ್ಲಿ ಗ್ರಾಹಕನು ತನಗೆ ತಾನೇ ಮಾಡಿಕೊಳ್ಳುವ ದೊಡ್ಡ ಹಾನಿ.

ಜೀವ ವಿಮೆ: 45ನೇ ಕಲಮಿನ ಕವಚ

ವಿಮಾ ಕಾಯ್ದೆಯ 45ನೇ ಕಲಂ 2015ರಲ್ಲಿ ತಿದ್ದುಪಡಿಗೊಂಡಿತು. ಅದರಂತೆ ಪಾಲಿಸಿ ಆರಂಭವಾಗಿ ಅಥವಾ ನವಚೈತನ್ಯ ಪಡೆದು ಮೂರು ವರ್ಷ ಕಳೆದ ಮೇಲೆ ಯಾವ ಕಾರಣಕ್ಕೂ ಅದನ್ನು ಪ್ರಶ್ನಿಸುವಂತಿಲ್ಲ. ನಿಂತುಹೋದ ಪಾಲಿಸಿಯನ್ನು ಮತ್ತೆ ಚಾಲನೆಗೊಳಿಸಿದರೆ ಮೂರು ವರ್ಷದ ಎಣಿಕೆ ಅಲ್ಲಿಂದ ಮತ್ತೆ ಆರಂಭವಾಗುತ್ತದೆ ಎಂಬುದನ್ನು ಮರೆಯಬಾರದು.

ಮೂರು ವರ್ಷದೊಳಗಿನ ಸಾವಿನಲ್ಲಿ ಕಂಪನಿ ತನಿಖೆ ಮಾಡಬಹುದು. ಆದರೆ ಅಲ್ಲಿಯೂ ಕಾನೂನು ವಂಚನೆ ಮತ್ತು ತಪ್ಪು ಹೇಳಿಕೆಗಳ ನಡುವೆ ಭೇದವೆಣಿಸಿದೆ. ವಂಚನೆಯಲ್ಲದ ತಪ್ಪು ಹೇಳಿಕೆಯ ಕಾರಣಕ್ಕೆ ಪಾಲಿಸಿಯನ್ನು ನಿರಾಕರಿಸಿದರೆ ಅಲ್ಲಿಯವರೆಗೆ ಕಟ್ಟಿದ ಪ್ರೀಮಿಯಂ ಹಣವನ್ನು 90 ದಿನಗಳೊಳಗೆ ಮರಳಿಸಬೇಕು. ವಂಚನೆಯ ಆರೋಪ ಬಂದಾಗ, ಹೇಳಿದ್ದು ತನ್ನ ತಿಳಿವಿನ ಮಟ್ಟಿಗೆ ನಿಜವೆಂದೋ, ಮುಚ್ಚಿಡುವ ಉದ್ದೇಶ ಇರಲಿಲ್ಲವೆಂದೋ, ಆ ವಿಷಯ ಕಂಪನಿಗೆ ಮೊದಲೇ ತಿಳಿದಿತ್ತೆಂದೋ ತೋರಿಸಿಕೊಡಲು ಅವಕಾಶವಿದೆ. ಪಾಲಿಸಿದಾರ ಬದುಕಿಲ್ಲದಿದ್ದರೆ ಈ ಭಾರ ಫಲಾನುಭವಿಗಳ ಮೇಲೆ ಬೀಳುತ್ತದೆ. ಇದೇ ಕಲಮಿನ ವಿವರಣೆಯಲ್ಲಿ ಒಂದು ಮಹತ್ವದ ಮಾತಿದೆ: ವಿಮಾ ಒಪ್ಪಂದಕ್ಕಾಗಿ ಗ್ರಾಹಕನನ್ನು ಕೋರಿ, ಮಾತುಕತೆ ನಡೆಸಿದ ವ್ಯಕ್ತಿಯನ್ನು ಕಂಪನಿಯ ಪ್ರತಿನಿಧಿ ಎಂದೇ ಪರಿಗಣಿಸಬೇಕು. "ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಏಜೆಂಟರಿಗೆ ಹೇಳಿದ್ದೆವು, ಅವರು ಬರೆಯಲಿಲ್ಲ" ಎನ್ನುವ ಕುಟುಂಬಕ್ಕೆ ಇದು ಆಧಾರವಾಗಬಲ್ಲದು. ಆದರೆ ಹೇಳಿದ್ದಕ್ಕೆ ಸಾಕ್ಷ್ಯ ಬೇಕು. ಒಂದು ವಾಟ್ಸ್‌ಆ್ಯಪ್ ಸಂದೇಶವಾದರೂ ಇದ್ದರೆ ವಾದಕ್ಕೆ ಬಲ ಬರುತ್ತದೆ.

ತನಿಖೆಯ ಅಗತ್ಯವಿಲ್ಲದ ಮರಣ ಕ್ಲೇಮನ್ನು 15 ದಿನಗಳಲ್ಲಿ, ತನಿಖೆ ಬೇಕಾದುದನ್ನು 45 ದಿನಗಳಲ್ಲಿ ಇತ್ಯರ್ಥಪಡಿಸಬೇಕು. ತಡವಾದರೆ ಬ್ಯಾಂಕ್ ದರಕ್ಕಿಂತ ಶೇ. 2ರಷ್ಟು ಹೆಚ್ಚು ಬಡ್ಡಿ ಕೊಡಬೇಕು. ತನಿಖಾಧಿಕಾರಿ ಮನೆಗೆ ಬಂದಾಗ ಆತ ಬರೆದುಕೊಂಡ ಹೇಳಿಕೆಗೆ, ಓದಿ ಅರ್ಥವಾಗದ ಭಾಷೆಯಲ್ಲಿದ್ದರೆ, ಸಹಿ ಮಾಡಬಾರದು. ಹೇಳಿಕೆಯನ್ನು ಕನ್ನಡದಲ್ಲಿ ತಾವೇ ಬರೆದುಕೊಡಬಹುದು.

ವಾಹನ ವಿಮೆ

ಗಡಿ ದಾಟಿದ ಮೇಲೆ ಅಪಘಾತವಾದರೆ ಪರಿಹಾರಕ್ಕಾಗಿ ಪರರಾಜ್ಯದ ನ್ಯಾಯಾಲಯಕ್ಕೆ ಅಲೆಯಬೇಕೆಂಬ ಭಯ ಬೇಡ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಂತೆ ಅಪಘಾತ ನಡೆದ ಸ್ಥಳದ, ಅರ್ಜಿದಾರರು ವಾಸಿಸುವ ಸ್ಥಳದ ಅಥವಾ ಎದುರುದಾರರು ವಾಸಿಸುವ ಸ್ಥಳದ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಸಲ್ಲಿಸಬೇಕೆಂದು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಹೇಳುತ್ತದೆ. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಬೇಗನೆ ಪಡೆಯಬೇಕು.

ವಾಹನ ಕಳುವಾದಾಗ ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಕ್ಲೇಮನ್ನು ತಿರಸ್ಕರಿಸಲಾಗದೆಂದು 2020ರ ಗುರ್ಶಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ತೀರ್ಮಾನಿಸಿದೆ.

ಕ್ಲೇಮು ತಿರಸ್ಕೃತವಾದಾಗ

ಮೊದಲ ಕೆಲಸ, ಕಾರಣವನ್ನು ಬರವಣಿಗೆಯಲ್ಲಿ ಪಡೆಯುವುದು. ಫೋನಿನಲ್ಲಿ ಹೇಳಿದ "ಆಗುವುದಿಲ್ಲ" ಎಂಬುದು ಉತ್ತರವಲ್ಲ. ಪಾಲಿಸಿಯ ಯಾವ ಷರತ್ತಿನ ಆಧಾರದಲ್ಲಿ ನಿರಾಕರಿಸಲಾಗಿದೆ ಎಂಬುದು ಪತ್ರದಲ್ಲಿರಬೇಕು. ಈ ಪತ್ರ ಕಂಪನಿಯ ಕೈಯನ್ನೂ ಕಟ್ಟಿಹಾಕುತ್ತದೆ. ನಿರಾಕರಣೆಯ ಪತ್ರದಲ್ಲಿ ಹೇಳದ ಹೊಸ ಕಾರಣವನ್ನು ಮುಂದೆ ಗ್ರಾಹಕ ಆಯೋಗದ ಮುಂದೆ ಎತ್ತುವಂತಿಲ್ಲವೆಂದು 2019ರ ಸೌರಾಷ್ಟ್ರ ಕೆಮಿಕಲ್ಸ್ ತೀರ್ಪು ಸ್ಪಷ್ಟಪಡಿಸಿದೆ.

ಎರಡನೆಯದು, "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಎಂಬ ರಶೀದಿ. ಐದು ಲಕ್ಷದ ನಷ್ಟಕ್ಕೆ ಎರಡು ಲಕ್ಷ ಕೊಟ್ಟು, ಇನ್ನು ತಕರಾರಿಲ್ಲವೆಂದು ಸಹಿ ಪಡೆಯುವುದು ಹಳೆಯ ಪದ್ಧತಿ. ಇಂಥ ರಶೀದಿಯು ಹೆಚ್ಚಿನ ಪರಿಹಾರ ಕೇಳುವ ಗ್ರಾಹಕನ ಹಕ್ಕನ್ನು ಕಸಿಯಬಾರದೆಂದು ಪ್ರಾಧಿಕಾರವು 2015ರ ಸೆಪ್ಟೆಂಬರಿನಲ್ಲಿ ಕಂಪನಿಗಳಿಗೆ ಸೂಚಿಸಿದೆ. ಸಹಿ ಮಾಡಲೇಬೇಕಾದರೆ "ಪ್ರತಿಭಟನೆಯೊಂದಿಗೆ ಸ್ವೀಕರಿಸಿದ್ದೇನೆ" ಎಂದು ಕನ್ನಡದಲ್ಲಿಯೇ ಬರೆದು, ಅದೇ ದಿನ ಕಂಪನಿಗೆ ಪತ್ರವನ್ನೂ ಕಳುಹಿಸಬೇಕು.

ದೂರಿನ ಮೆಟ್ಟಿಲುಗಳು

1. ಕಂಪನಿಯ ಕುಂದುಕೊರತೆ ಅಧಿಕಾರಿ: ಈತನ ಇಮೇಲ್ ಗ್ರಾಹಕ ಮಾಹಿತಿ ಪತ್ರದಲ್ಲಿಯೇ ಇರುತ್ತದೆ. ದೂರನ್ನು ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ಸಂಖ್ಯೆ ಪಡೆಯಬೇಕು. ಎರಡು ವಾರಗಳೊಳಗೆ ಪರಿಹಾರ ದೊರೆಯಬೇಕು.

2. ಬಿಮಾ ಭರೋಸಾ: ಇದು ಪ್ರಾಧಿಕಾರದ ದೂರು ಜಾಲತಾಣ. 155255 ಅಥವಾ 1800 4254 732 ಎಂಬ ಉಚಿತ ಸಂಖ್ಯೆಗಳಿಗೂ ಕರೆ ಮಾಡಬಹುದು. ಪ್ರಾಧಿಕಾರ ತಾನೇ ತೀರ್ಪು ಕೊಡುವುದಿಲ್ಲ. ಆದರೆ ಅದರ ಕಣ್ಣು ಬಿದ್ದ ದೂರನ್ನು ಕಂಪನಿ ಸುಲಭವಾಗಿ ಬದಿಗಿಡಲಾಗದು.

3. ವಿಮಾ ಓಂಬುಡ್ಸ್‌ಮನ್: 2017ರ ನಿಯಮಗಳಡಿ ರಚಿತವಾದ ಈ ವ್ಯವಸ್ಥೆಯೇ ಸಾಮಾನ್ಯ ಗ್ರಾಹಕರಿಗೆ ಅತ್ಯಂತ ಅನುಕೂಲಕರ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಆನ್‌ಲೈನ್ ದೂರಿಗೂ ವಿಡಿಯೊ ವಿಚಾರಣೆಗೂ ಅವಕಾಶವಿದೆ. 50 ಲಕ್ಷ ರೂ.ವರೆಗಿನ ಪರಿಹಾರಕ್ಕೆ ಇಲ್ಲಿ ಮೊರೆ ಹೋಗಬಹುದು. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟಿರಬೇಕು. ಅದು ತಿರಸ್ಕೃತವಾದ, ಇಲ್ಲವೇ ಒಂದು ತಿಂಗಳು ಉತ್ತರವೇ ಬಾರದೆ ಹೋದ ಬಳಿಕ ಒಂದು ವರ್ಷದೊಳಗೆ ಓಂಬುಡ್ಸ್‌ಮನ್ ಬಳಿಗೆ ಹೋಗಬೇಕು. ಅದೇ ವಿಷಯ ನ್ಯಾಯಾಲಯದಲ್ಲಾಗಲಿ ಗ್ರಾಹಕ ಆಯೋಗದಲ್ಲಾಗಲಿ ಇರಬಾರದು. ಓಂಬುಡ್ಸ್‌ಮನ್ ಆದೇಶ ಕಂಪನಿಯನ್ನು ಬಂಧಿಸುತ್ತದೆ. 30 ದಿನಗಳಲ್ಲಿ ಪಾಲಿಸದಿದ್ದರೆ ದಿನಕ್ಕೆ 5,000 ರೂ.ನಂತೆ ದೂರುದಾರರಿಗೆ ದಂಡ ತೆರಬೇಕು.

ನಮ್ಮ ಪ್ರದೇಶಗಳ ಓಂಬುಡ್ಸ್‌ಮನ್ ಕಚೇರಿಗಳು ಇಂತಿವೆ: ಕಾಸರಗೋಡು, ವಯನಾಡಿಗೆ ಕೊಚ್ಚಿ, ಹೊಸೂರು, ತಾಳವಾಡಿ, ನೀಲಗಿರಿಗೆ ಚೆನ್ನೈ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತಕ್ಕೆ ಪುಣೆ, ಆದೋನಿ, ರಾಯದುರ್ಗ, ಮಡಕಶಿರಾ ಹಾಗೂ ತೆಲಂಗಾಣದವರಿಗೆ ಹೈದರಾಬಾದ್, ಗೋವಾದವರಿಗೆ ಪುಣೆ.

ಗಡಿನಾಡಿನವರಿಗೆ ವಿಶೇಷವಾಗಿ ಉಪಯುಕ್ತವಾದ ಒಂದು ಅಂಶವನ್ನು ನಾವು ಇಲ್ಲಿ ಒತ್ತಿ ಹೇಳಬಯಸುತ್ತೇವೆ. ದೂರನ್ನು ವಾಸಸ್ಥಳದ ಓಂಬುಡ್ಸ್‌ಮನ್‌ಗೆ ಮಾತ್ರವಲ್ಲ, ದೂರಿಗೆ ಗುರಿಯಾದ ಕಂಪನಿಯ ಶಾಖೆ ಅಥವಾ ಕಚೇರಿ ಇರುವ ಪ್ರದೇಶದ ಓಂಬುಡ್ಸ್‌ಮನ್‌ಗೂ ಸಲ್ಲಿಸಬಹುದೆಂದು ನಿಯಮ 14 ಹೇಳುತ್ತದೆ. ಕುಂಬಳೆಯ ಕೃಷಿಕರೊಬ್ಬರು ಮಂಗಳೂರಿನ ಶಾಖೆಯಿಂದ ಪಾಲಿಸಿ ಪಡೆದಿದ್ದರೆಂದು ಇಟ್ಟುಕೊಳ್ಳೋಣ. ಅವರು ಕೊಚ್ಚಿಯ ಬದಲು ಬೆಂಗಳೂರಿನ ಓಂಬುಡ್ಸ್‌ಮನ್ ಬಳಿಗೂ ಹೋಗಬಹುದು. ಕನ್ನಡದಲ್ಲಿ ತಮ್ಮ ಮಾತನ್ನು ಹೇಳಿಕೊಳ್ಳಬಯಸುವವರಿಗೆ ಈ ಆಯ್ಕೆ ಅಮೂಲ್ಯವಾದುದು.

4. ಗ್ರಾಹಕ ಆಯೋಗ: ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಹೂಡಬಹುದು. ತಾಳವಾಡಿಯವರಿಗೆ ಈರೋಡ್, ಹೊಸೂರಿನವರಿಗೆ ಕೃಷ್ಣಗಿರಿ, ಜತ್ತದವರಿಗೆ ಸಾಂಗ್ಲಿ ಸಾಕು, ಕಂಪನಿಯ ಪ್ರಧಾನ ಕಚೇರಿ ಇರುವ ಊರಿಗೆ ಹೋಗಬೇಕಿಲ್ಲ. ಕಟ್ಟಿದ ಪ್ರೀಮಿಯಂ 50 ಲಕ್ಷ ರೂ. ಮೀರದಿದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ, 5 ಲಕ್ಷದವರೆಗೆ ಶುಲ್ಕವಿಲ್ಲ. ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಓಂಬುಡ್ಸ್‌ಮನ್ ಆದೇಶ ತೃಪ್ತಿ ತರದಿದ್ದರೆ ಇಲ್ಲಿಗೆ ಬರಬಹುದು. ಆದರೆ ಎರಡು ವರ್ಷದ ಗಡುವಿನ ಮೇಲೆ ಕಣ್ಣಿರಲಿ. ಮಾರ್ಗದರ್ಶನಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅದರ ಸೇವೆ ಕನ್ನಡದಲ್ಲಿಯೂ ದೊರೆಯುತ್ತದೆ.

ದೂರಿನ ಭಾಷೆ ಮತ್ತು ಕಡತ

ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಖಾಸಗಿ ಕಂಪನಿಯು ಸರಕಾರಿ ಅಧಿಕಾರಿಯಲ್ಲವಾದುದರಿಂದ ಈ ವಿಧಿ ಅದನ್ನು ನೇರವಾಗಿ ಬಂಧಿಸದು. ಆದುದರಿಂದ ನಮ್ಮ ಸಲಹೆ ಇಷ್ಟು: ಮೂಲ ದೂರನ್ನು ತಮಗೆ ಪೂರ್ಣವಾಗಿ ಅರ್ಥವಾಗುವ ಕನ್ನಡದಲ್ಲಿ ಬರೆದು ಸಹಿ ಮಾಡಿ, ಕೆಲಸ ಬೇಗ ನಡೆಯಲು ಇಂಗ್ಲಿಷ್ ಅನುವಾದವೊಂದನ್ನು ಲಗತ್ತಿಸಿ. ಅನುವಾದಕ್ಕೆ ಊರಿನ ಕನ್ನಡ ಶಾಲೆಯ ಅಧ್ಯಾಪಕರ, ಕಾಲೇಜು ಓದುವ ಮಕ್ಕಳ ನೆರವು ಪಡೆಯಬಹುದು.

ದೂರು ಒಂದು ಪುಟ ಮೀರದಿರಲಿ. ಪಾಲಿಸಿ ಸಂಖ್ಯೆ, ಘಟನೆಯ ದಿನಾಂಕ, ಕ್ಲೇಮು ಸಲ್ಲಿಸಿದ ದಿನಾಂಕ, ಕಂಪನಿ ಕೊಟ್ಟ ಕಾರಣ, ಆ ಕಾರಣ ಏಕೆ ಸರಿಯಲ್ಲ, ತಮಗೆ ಬೇಕಾದ ಪರಿಹಾರ ಏನು, ಈ ಆರು ಅಂಶಗಳಿದ್ದರೆ ಸಾಕು. ಬೈಗುಳ, ದೀರ್ಘ ಕಥನ ಬೇಡ.

ಪ್ರತಿ ಮನೆಯಲ್ಲೂ ವಿಮೆಗೊಂದು ಕಡತವಿರಲಿ. ಅದರಲ್ಲಿ ಅರ್ಜಿಯ ಪ್ರತಿ, ಪಾಲಿಸಿ ಪತ್ರ, ಮಾಹಿತಿ ಪತ್ರ, ಕಂತಿನ ರಶೀದಿಗಳು, ನಾಮಿನಿಯ ವಿವರ ಮತ್ತು ಏಜೆಂಟರ ಜೊತೆಗಿನ ಸಂದೇಶಗಳು ಇರಲಿ. ಅದರ ಮೊದಲ ಪುಟದಲ್ಲಿ ಪಾಲಿಸಿಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು, ಕಡತ ಎಲ್ಲಿದೆ ಎಂಬುದನ್ನು ನಾಮಿನಿಗೆ ತಿಳಿಸಿಡಬೇಕು. ಕ್ಲೇಮು ಕೇಳುವ ಹೊತ್ತಿಗೆ ಪಾಲಿಸಿ ಮಾಡಿಸಿದವರು ಇರುವುದಿಲ್ಲ. ಕಂಪನಿಯ ಮೇಜಿನ ಎದುರು ನಿಲ್ಲುವವರು ಅವರ ಪತ್ನಿ, ವೃದ್ಧ ತಂದೆತಾಯಿ ಅಥವಾ ಮಕ್ಕಳು. ಅಂದು ಅವರ ಪರವಾಗಿ ಮಾತನಾಡುವುದು ಈ ಕಾಗದಗಳೇ.